ಹೃದಯ ಶಸ್ತ್ರಚಿಕಿತ್ಸೆಯ ನಂತರ ಎಕ್ಮೊ: "ಹೃದಯಕ್ಕೆ ವಿಶ್ರಾಂತಿ" ಎಂದರೆ ಏನು?

ಮುಂಗಾರು · ಮಂಗಳವಾರ, ರಾತ್ರಿ 11:40

ಅಮ್ಮನಿಗೆ 61 ವರ್ಷ. ನಿನ್ನೆ ಮೈಟ್ರಲ್ ಕವಾಟ ಬದಲಿಸಿ, ಅದರ ಜೊತೆಗೇ ಎರಡು ಬೈಪಾಸ್ ಮಾಡಿದರು. ಐದು ಗಂಟೆಯ ಕೆಲಸ ಎಂದಿದ್ದವರು ಒಂಬತ್ತು ಗಂಟೆಯಾದ ಮೇಲೆ ಹೊರಗೆ ಬಂದರು. "ಹೃದಯ ಯಂತ್ರ ಬಿಟ್ಟು ನಿಲ್ಲುತ್ತಿಲ್ಲ. ಎಕ್ಮೊಗೆ ಹಾಕಿದ್ದೇವೆ. ಕೆಲವು ದಿನ ಅದಕ್ಕೆ ವಿಶ್ರಾಂತಿ ಬೇಕು." ಶಸ್ತ್ರಚಿಕಿತ್ಸಕರು ಹೇಳಿದ್ದು ಇಷ್ಟೇ. ನಾಲ್ಕು ಕಾಗದಗಳಿಗೆ ಸಹಿ ಹಾಕಿದೆ, ಒಂದನ್ನೂ ಓದಲಿಲ್ಲ.

ಒಳಗೆ ಹೋಗಿ ನೋಡಿದೆ. ತೊಡೆಸಂದಿಯಿಂದ ಎರಡು ದಪ್ಪ ಕೊಳವೆಗಳು ಹೊರಟು ಮಂಚದ ಪಕ್ಕದ ಯಂತ್ರಕ್ಕೆ ಹೋಗುತ್ತವೆ. ಎರಡರಲ್ಲೂ ಅಮ್ಮನ ರಕ್ತ. ಮುಟ್ಟಿದರೆ ಬೆಚ್ಚಗಿದೆ. ಶಸ್ತ್ರಚಿಕಿತ್ಸೆ ಮಾಡುವಾಗಲೂ ಯಂತ್ರವೇ ಹೃದಯದ ಕೆಲಸ ಮಾಡಿತಂತೆ. ಹಾಗಾದರೆ ಇದು ಅದೇ ಯಂತ್ರವೇ? ಅಮ್ಮನ ಹೃದಯ ಈಗ ಬಡಿಯುತ್ತಿದೆಯೋ ಇಲ್ಲವೋ?

"ಯಂತ್ರ ಹಾಕಿದರೆಂದರೆ ಆಸೆ ಬಿಟ್ಟ ಹಾಗೆ" ಎನ್ನುತ್ತಾರೆ ಸೋದರಮಾವ. "ಯಂತ್ರ ಇರುವಾಗ ಏನೂ ಆಗುವುದಿಲ್ಲ" ಎನ್ನುತ್ತಾನೆ ಅಣ್ಣ. ಇಬ್ಬರೂ ವೈದ್ಯರಲ್ಲ. ಇಲ್ಲಿ ಗೊತ್ತಿರುವವರು ಇದ್ದರೆ ದಯವಿಟ್ಟು ಬರೆಯಿರಿ.

ಪಂಪ್_ಮೇಜು · ಬುಧವಾರ, ಬೆಳಿಗ್ಗೆ 6:05

ನಾನು ಪರ್ಫ್ಯೂಷನಿಸ್ಟ್, ಅಂದರೆ ಹೃದಯ-ಶ್ವಾಸಕೋಶ ಯಂತ್ರ ನಡೆಸುವ ತಂತ್ರಜ್ಞ. ಆ ಯಂತ್ರಗಳ ಪಕ್ಕದಲ್ಲಿ ಕುಳಿತು ಹದಿನೆಂಟು ವರ್ಷವಾಯಿತು. ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಎರಡೂ ಒಂದೇ ವಂಶದ ಯಂತ್ರಗಳು, ಸ್ವಭಾವ ಬೇರೆ. ಶಸ್ತ್ರಚಿಕಿತ್ಸಾ ಕೊಠಡಿಯ ಹೃದಯ-ಶ್ವಾಸಕೋಶ ಯಂತ್ರವನ್ನು ಮನುಷ್ಯರ ಮೇಲೆ ಮೊದಲು ಯಶಸ್ವಿಯಾಗಿ ಬಳಸಿದವರು ಅಮೆರಿಕದ ಜಾನ್ ಗಿಬ್ಬನ್, 1953ರ ಮೇ 6ರಂದು. 18 ವರ್ಷದ ಹುಡುಗಿಯ ಹೃದಯದಲ್ಲಿದ್ದ ರಂಧ್ರವನ್ನು ಮುಚ್ಚುವಷ್ಟು ಹೊತ್ತು, ಅಂದರೆ 26 ನಿಮಿಷ, ಆಕೆಯ ಹೃದಯದ ಕೆಲಸವನ್ನೆಲ್ಲ ಯಂತ್ರವೇ ಮಾಡಿತು. ಅದು ಗಂಟೆಗಳ ಲೆಕ್ಕದ ಯಂತ್ರ. ರಕ್ತ ಒಂದು ತೆರೆದ ಪಾತ್ರೆಗೆ ಬಂದು ಬೀಳುತ್ತದೆ, ಗಾಳಿಯ ಸಂಪರ್ಕವಾಗುತ್ತದೆ, ಹೆಪ್ಪುಗಟ್ಟದಂತೆ ಹೆಪಾರಿನ್ ಧಾರಾಳವಾಗಿ ಕೊಡಬೇಕಾಗುತ್ತದೆ. ದಿನಗಟ್ಟಲೆ ನಡೆಸಿದರೆ ರಕ್ತಕಣಗಳು ಜಜ್ಜಿಹೋಗುತ್ತವೆ.

ಎಕ್ಮೊ ದಿನಗಳ ಲೆಕ್ಕದ ಯಂತ್ರ. ಅದರಲ್ಲಿ ತೆರೆದ ಪಾತ್ರೆ ಇಲ್ಲ, ಮುಚ್ಚಿದ ಸುತ್ತು. ಒಂದು ಕೊಳವೆ ತೊಡೆಯ ಅಭಿಧಮನಿಯ ಮೂಲಕ ಹೃದಯದ ಬಲ ಕೋಣೆಯವರೆಗೆ ಹೋಗಿ ಕಪ್ಪುಗೆಂಪು ರಕ್ತವನ್ನು ಎಳೆಯುತ್ತದೆ. ತಿರುಗುವ ಚಕ್ರವೊಂದು ಅದನ್ನು ಕೃತಕ ಶ್ವಾಸಕೋಶದೊಳಗೆ ತಳ್ಳುತ್ತದೆ. ಅಲ್ಲಿ ಸಾವಿರಾರು ಸಣ್ಣ ಎಳೆಗಳ ಒಳಗೆ ಆಮ್ಲಜನಕ, ಹೊರಗೆ ರಕ್ತ. ಕೆಂಪಾದ ರಕ್ತ ಇನ್ನೊಂದು ಕೊಳವೆಯಲ್ಲಿ ತೊಡೆಯ ಅಪಧಮನಿಗೆ ಮರಳುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ ನಿಮಿಷಕ್ಕೆ 3ರಿಂದ 5 ಲೀಟರ್. ಮುಂದಿನ ಸಲ ಹೋದಾಗ ಎರಡೂ ಕೊಳವೆಗಳ ಬಣ್ಣ ನೋಡಿ. ಒಂದು ಕಪ್ಪಾಗಿ ಇನ್ನೊಂದು ಹೊಳೆಯುವ ಕೆಂಪಾಗಿ ಇದ್ದರೆ ಕೃತಕ ಶ್ವಾಸಕೋಶ ಕೆಲಸ ಮಾಡುತ್ತಿದೆ ಎಂದು ನಿಮಗೇ ತಿಳಿಯುತ್ತದೆ.

ಹೃದಯ ಬಡಿಯುತ್ತಿದೆಯೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಹೌದು, ದುರ್ಬಲವಾಗಿ. ಇದರಲ್ಲಿ ಅದನ್ನು ನಿಲ್ಲಿಸುವುದಿಲ್ಲ, ಅದರ ಹೊರೆಯನ್ನು ಪಕ್ಕದಿಂದ ಹೊರುತ್ತೇವೆ.

ಎದೆಗೂಡು · ಬುಧವಾರ, ಬೆಳಿಗ್ಗೆ 8:30

ಹೃದಯ ಶಸ್ತ್ರಚಿಕಿತ್ಸಕ, ಈಗ ನಿವೃತ್ತ. ಮುಂಗಾರು ಅವರೇ, "ವಿಶ್ರಾಂತಿ" ಎಂಬ ಪದವನ್ನು ನಾವೆಲ್ಲ ಬಳಸುತ್ತೇವೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಕವಾಟ ಬದಲಿಸಲು ಹೃದಯವನ್ನು ದ್ರಾವಣ ಕೊಟ್ಟು ನಿಲ್ಲಿಸಿರುತ್ತೇವೆ. ಅಷ್ಟು ಹೊತ್ತು ಅದರ ಸ್ನಾಯುವಿಗೆ ರಕ್ತವಿಲ್ಲ. ಮತ್ತೆ ರಕ್ತ ಹರಿಸಿದಾಗ ಕೆಲವು ಹೃದಯಗಳು ಬದುಕಿದ್ದರೂ ಮಂಕು ಹಿಡಿದಂತೆ ಇರುತ್ತವೆ. ಜೀವಕೋಶ ಸತ್ತಿರುವುದಿಲ್ಲ, ಹಿಂಡುವ ಶಕ್ತಿ ಮಾತ್ರ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮರಳುವುದಿಲ್ಲ. 1982ರಲ್ಲಿ ಬ್ರೌನ್‌ವಾಲ್ಡ್ ಮತ್ತು ಕ್ಲೋನರ್ ಈ ಸ್ಥಿತಿಗೆ ಹೆಸರು ಕೊಟ್ಟರು. ಪೆಟ್ಟು ತಿಂದು ದಿಗ್ಭ್ರಮೆಗೊಂಡ ಸ್ನಾಯು ಎಂದಿಟ್ಟುಕೊಳ್ಳಿ. ಇಂಥ ಹೃದಯಕ್ಕೆ ಎಕ್ಮೊ ಸಮಯ ಕೊಡುತ್ತದೆ. ಅದು ಚಿಕಿತ್ಸೆಯಲ್ಲ, ಸಮಯ. ಶಸ್ತ್ರಚಿಕಿತ್ಸೆಗೆ ಮೊದಲೇ ಸ್ನಾಯು ಸತ್ತು ಗಾಯದ ಗುರುತಾಗಿದ್ದರೆ ಎಷ್ಟು ಸಮಯ ಕೊಟ್ಟರೂ ಅದು ಏಳುವುದಿಲ್ಲ.

ಆದ್ದರಿಂದ ಮೊದಲ ಪ್ರಶ್ನೆ, ಸರಿಪಡಿಸಬಹುದಾದ ಕಾರಣವನ್ನು ಹುಡುಕಿದ್ದಾರೆಯೇ? ಬೈಪಾಸ್ ನಾಳ ಮಡಚಿಕೊಂಡಿರಬಹುದು. ಹೊಸ ಕವಾಟದ ಅಂಚಿನಲ್ಲಿ ಸೋರಿಕೆ ಇರಬಹುದು. ಹೃದಯದ ಸುತ್ತ ರಕ್ತ ತುಂಬಿ ಅದನ್ನು ಒತ್ತುತ್ತಿರಬಹುದು. ಇವನ್ನು ನೋಡದೆ ಯಂತ್ರ ಹಾಕಿ ಕಾಯುವುದು ತೂತಾದ ಕೊಡಕ್ಕೆ ನೀರು ಹೊತ್ತ ಹಾಗೆ.

ಎರಡನೆಯದು, ಯಾವಾಗ ಹಾಕಿದರು. ಅಡ್ರಿನಲಿನ್ ಏರಿಸು, ಇನ್ನೊಂದು ಔಷಧ ಸೇರಿಸು, ಹೃದಯಕ್ಕೆ ನೆರವಾಗುವ ಬಲೂನ್ ಪಂಪ್ ಹಾಕು, ಅರ್ಧ ಗಂಟೆ ನೋಡೋಣ, ಇನ್ನರ್ಧ ಗಂಟೆ ನೋಡೋಣ. ಹೀಗೆ ಮುಂದೂಡಿದ ರಾತ್ರಿಗಳು ನನ್ನ ವೃತ್ತಿಯಲ್ಲೂ ಇವೆ. ಅದರಲ್ಲಿ ವೈದ್ಯಶಾಸ್ತ್ರಕ್ಕಿಂತ ನನ್ನ ಹಮ್ಮೇ ಹೆಚ್ಚಿತ್ತು, ಎಕ್ಮೊ ಹಾಕಿದರೆ ನಾನು ಸೋತೆ ಎಂಬ ಭಾವ. ಅಷ್ಟರಲ್ಲಿ ಮೂತ್ರಪಿಂಡ, ಯಕೃತ್ತು, ಕರುಳು ಹಸಿದು ಸೊರಗಿರುತ್ತವೆ. ಹೃದಯ ಚೇತರಿಸಿಕೊಂಡರೂ ರೋಗಿ ಉಳಿಯುವುದಿಲ್ಲ. ಯುರೋಪ್ ಮತ್ತು ಅಮೆರಿಕದ ಹೃದಯ ಶಸ್ತ್ರಚಿಕಿತ್ಸಕರ ಸಂಘಗಳು ಎಕ್ಮೊ ತಜ್ಞರ ಸಂಸ್ಥೆಯಾದ ಎಲ್ಸೊ ಜೊತೆ ಸೇರಿ 2020ರಲ್ಲಿ ಹೊರತಂದ ಒಮ್ಮತದ ದಾಖಲೆಯೂ ಅಂಗಾಂಗ ಕೆಡುವ ಮೊದಲೇ ತೀರ್ಮಾನಿಸಿ ಎನ್ನುತ್ತದೆ. ನಿಮ್ಮ ತಾಯಿಗೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಹಾಕಿದ್ದಾರೆ. ಅದು ಒಳ್ಳೆಯದೇ.

ಮೂರನೆಯದನ್ನು ನೀವು ಕೇಳಿಲ್ಲ, ಆದರೆ ಕೇಳುವಿರಿ. ಹೃದಯ ಶಸ್ತ್ರಚಿಕಿತ್ಸೆಯ ನಂತರ ಎಕ್ಮೊಗೆ ಹೋದ ವಯಸ್ಕರಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಗುವವರು ಸುಮಾರು ಹತ್ತಕ್ಕೆ ನಾಲ್ವರು, ಕೆಲವು ಕಡೆ ಮೂವರು. ನಿಮ್ಮ ಮಾವ ಹೇಳಿದ್ದೂ ತಪ್ಪು, ಅಣ್ಣ ಹೇಳಿದ್ದೂ ತಪ್ಪು.

ಮುಂಗಾರು · ಬುಧವಾರ, ಮಧ್ಯಾಹ್ನ 2:15

ಡಾಕ್ಟರ್, ನೇರವಾಗಿ ಹೇಳಿದ್ದಕ್ಕೆ ಕೃತಜ್ಞತೆ. ಹತ್ತಕ್ಕೆ ನಾಲ್ಕು ಎಂಬುದನ್ನು ಅಣ್ಣನಿಗೆ ಇನ್ನೂ ಹೇಳಿಲ್ಲ.

ಕೊಳವೆಗಳ ಬಣ್ಣ ನೋಡಿದೆ, ಬೇರೆ ಬೇರೆಯೇ ಇವೆ. ಆದರೆ ಬಲಗಾಲು ಎಡಗಾಲಿಗಿಂತ ತಣ್ಣಗಿತ್ತು. ಅದೇ ತೊಡೆಗೆ ಇನ್ನೊಂದು ಸಣ್ಣ ಕೊಳವೆ ಹಾಕಿದ್ದಾರೆ. ರಕ್ತ ಪರೀಕ್ಷೆಗೆ ಯಾವಾಗಲೂ ಬಲಗೈಯಿಂದಲೇ ತೆಗೆಯುತ್ತಾರೆ, ಏಕೆ? ಗಂಟೆಗೊಮ್ಮೆ ಕಣ್ಣಿಗೆ ಟಾರ್ಚ್ ಬಿಡುತ್ತಾರೆ. ಎದೆಯ ಪಟ್ಟಿ ನೆನೆದು ಕೆಂಪಾಗಿದೆ. ಕೇಳಲು ಹೋದರೆ ಎಲ್ಲರೂ ಅವಸರದಲ್ಲಿರುತ್ತಾರೆ.

ರಾತ್ರಿಪಾಳಿ · ಬುಧವಾರ, ಸಂಜೆ 5:50

ಹೃದಯ ಐಸಿಯುವಿನ ನರ್ಸ್ ನಾನು. ಅವಸರದಲ್ಲಿ ಇರುವವರ ಪರವಾಗಿ ಕ್ಷಮೆ ಇರಲಿ. ಎಕ್ಮೊ ರೋಗಿಯ ಪಕ್ಕ ನಿಂತವರಿಗೆ ಕಣ್ಣು ಪಕ್ಕಕ್ಕೆ ತಿರುಗಿಸಲೂ ಭಯ.

ಕಾಲು: ಅಪಧಮನಿಗೆ ಹಾಕುವ ಕೊಳವೆ 17 ಫ್ರೆಂಚ್ ಅಳತೆಯದು ಎಂದರೆ ಆರು ಮಿಲಿಮೀಟರಿಗೆ ತುಸು ಕಡಿಮೆ ದಪ್ಪ. ಅದು ನಾಳವನ್ನು ಹೆಚ್ಚುಕಡಿಮೆ ತುಂಬಿಬಿಡುತ್ತದೆ. ರಕ್ತ ಮೇಲಕ್ಕೆ ಹೊಟ್ಟೆ, ಎದೆಯ ಕಡೆ ಹೋಗುತ್ತದೆ, ಕೆಳಗೆ ಪಾದಕ್ಕೆ ಇಳಿಯಲು ದಾರಿ ಇರುವುದಿಲ್ಲ. ಆ ಸಣ್ಣ ಕೊಳವೆ ಕಾಲಿಗೆ ಬಿಟ್ಟ ಕಾಲುವೆ. ಅದು ಇದ್ದರೂ ನಾವು ಗಂಟೆಗೊಮ್ಮೆ ಪಾದ ಮುಟ್ಟಿ ನೋಡುತ್ತೇವೆ, ಡಾಪ್ಲರ್ ಇಟ್ಟು ರಕ್ತ ಹರಿಯುವ ಸದ್ದು ಕೇಳುತ್ತೇವೆ. ಕಾಲು ತಣ್ಣಗಿದೆ ಎಂದು ನೀವು ಕಂಡರೆ ಸಂಕೋಚಪಡದೆ ಕೂಗಿ ಹೇಳಿ. ಮೀನಖಂಡ ಗಟ್ಟಿಯಾಗಿ ಬಿಗಿದಿದ್ದರೂ ಹೇಳಿ.

ಬಲಗೈ: ಇದು ಸೊಗಸಾದ ಲೆಕ್ಕ. ಯಂತ್ರದ ರಕ್ತ ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಹೃದಯದ ರಕ್ತ ಮೇಲಿನಿಂದ ಕೆಳಕ್ಕೆ. ಮಹಾಪಧಮನಿಯಲ್ಲಿ ಎಲ್ಲೋ ಎರಡೂ ಎದುರಾಗುತ್ತವೆ. ಹೃದಯ ಬಲಗೊಂಡಂತೆ ಅದರ ರಕ್ತ ಮೊದಲು ತಲುಪುವುದು ಬಲಗೈ ಮತ್ತು ಮೆದುಳಿಗೆ. ಶ್ವಾಸಕೋಶ ಕೆಟ್ಟಿದ್ದರೆ ಆ ರಕ್ತದಲ್ಲಿ ಆಮ್ಲಜನಕ ಕಡಿಮೆ. ಕಾಲಿನಲ್ಲಿ ಅಳೆದರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಅತ್ತ ಮೆದುಳು ಉಸಿರುಗಟ್ಟುತ್ತಿರುತ್ತದೆ. ಬಲಗೈ ಸುಳ್ಳು ಹೇಳುವುದಿಲ್ಲ. ಟಾರ್ಚ್ ಕೂಡ ಮೆದುಳಿಗಾಗಿಯೇ. ಹೆಪ್ಪು ಸಿಕ್ಕಿಕೊಂಡರೂ ರಕ್ತ ಸೋರಿದರೂ ನಿದ್ದೆಯ ಔಷಧದಲ್ಲಿರುವವರು ಬಾಯಿಬಿಟ್ಟು ಹೇಳಲಾರರು, ಕಣ್ಣಿನ ಪಾಪೆ ಹೇಳಬೇಕು.

ನೆನೆದ ಪಟ್ಟಿ: ಹೊಸ ಗಾಯ, ಜೊತೆಗೆ ಯಂತ್ರ. ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟರೆ ಎದೆ ಸೋರುತ್ತದೆ, ಕೊಡದಿದ್ದರೆ ಯಂತ್ರ ಹೆಪ್ಪುಗಟ್ಟುತ್ತದೆ. ಅದಕ್ಕೇ ಮೊದಲ ದಿನ ಹೆಪಾರಿನ್ ಕೊಡದೆ, ಎದೆಯ ನಳಿಕೆಯಲ್ಲಿ ರಕ್ತ ಕಡಿಮೆಯಾಗುವವರೆಗೆ ಕಾಯುತ್ತಾರೆ. ಎದೆಯನ್ನು ಮತ್ತೊಮ್ಮೆ ತೆರೆದು ಹೆಪ್ಪು ತೆಗೆಯುವುದೂ ಅಪರೂಪವಲ್ಲ. ಹಾಗಾದರೆ ಗಾಬರಿಯಾಗಬೇಡಿ.

ಒಂದು ಕೆಲಸ ಮಾಡಿ. ಮಾನಿಟರ್‌ನಲ್ಲಿ ರಕ್ತದೊತ್ತಡದ ಅಲೆ ಓಡುತ್ತಿರುತ್ತದೆ. ಈಗ ಅದು ಬಹುಶಃ ಹೆಚ್ಚುಕಡಿಮೆ ಚಪ್ಪಟೆ ಗೆರೆ. ಯಂತ್ರ ರಕ್ತವನ್ನು ನಿರಂತರವಾಗಿ ತಳ್ಳುತ್ತದೆ, ಅದಕ್ಕೆ ಮಿಡಿತವಿಲ್ಲ. ಆ ಗೆರೆಯಲ್ಲಿ ಉಬ್ಬುಗಳು ಎದ್ದರೆ ಅದು ನಿಮ್ಮ ಅಮ್ಮನ ಹೃದಯದ ಕೆಲಸ. ದಿನಕ್ಕೊಮ್ಮೆ ಲ್ಯಾಕ್ಟೇಟ್ ಎಷ್ಟು ಎಂದೂ ಕೇಳಿ. ಅಂಗಾಂಗಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ವಸ್ತು ಅದು. 2ಕ್ಕಿಂತ ಕಡಿಮೆ ಸಹಜ. ಮುಖ್ಯವಾದುದು ಅದು ಇಳಿಯುತ್ತಿದೆಯೇ ಎಂಬುದು.

ಸಂದೇಹಿ · ಬುಧವಾರ, ರಾತ್ರಿ 9:10

ಎಲ್ಲರೂ ಯಂತ್ರದ ಗುಣಗಾನ ಮಾಡುತ್ತಿದ್ದೀರಿ. 2023ರಲ್ಲಿ ಇಸಿಎಲ್‌ಎಸ್-ಶಾಕ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹೃದಯಾಘಾತದಿಂದ ಕುಸಿದ 417 ರೋಗಿಗಳು. ಯಂತ್ರ ಹಾಕಿದ ಗುಂಪಿನಲ್ಲಿ 30 ದಿನಗಳೊಳಗೆ ಸತ್ತವರು ಶೇ 47.8, ಹಾಕದ ಗುಂಪಿನಲ್ಲಿ ಶೇ 49. ಅಂದರೆ ವ್ಯತ್ಯಾಸವೇ ಇಲ್ಲ. ರಕ್ತಸ್ರಾವ ಮಾತ್ರ ಎರಡು ಪಟ್ಟಿಗೂ ಹೆಚ್ಚು. ಇದನ್ನು ಕುಟುಂಬಗಳಿಗೆ ಯಾರೂ ಹೇಳುವುದಿಲ್ಲ. ಸಾಯುವವರನ್ನು ಒಂದು ವಾರ ತಡವಾಗಿ ಸಾಯಿಸುವ ಉಪಕರಣ ಇದು ಎಂದು ನಾನು ಹೇಳಿದರೆ ತಪ್ಪೇ?

ಎದೆಗೂಡು · ಗುರುವಾರ, ಬೆಳಿಗ್ಗೆ 7:45

ಅಂಕಿಗಳು ಸರಿ, ಅನ್ವಯ ತಪ್ಪು. ಆ ಪ್ರಯೋಗ ಹೃದಯಾಘಾತದವರ ಮೇಲೆ ನಡೆದದ್ದು. ಅಲ್ಲಿ ಯಂತ್ರ ಇಲ್ಲದ ಗುಂಪಿಗೂ ಔಷಧದ ಮೇಲೆ ಬದುಕುವ ದಾರಿ ಇತ್ತು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಹೃದಯ-ಶ್ವಾಸಕೋಶ ಯಂತ್ರ ನಿಲ್ಲಿಸಿದ ಕೂಡಲೇ ಒತ್ತಡ ಕುಸಿಯುವ ರೋಗಿಗೆ ಇನ್ನೊಂದು ದಾರಿ ಯಾವುದು? ಚೀಟಿ ಎತ್ತಿ, "ನಿಮಗೆ ಯಂತ್ರ ಇಲ್ಲದ ಗುಂಪು ಬಂದಿದೆ" ಎಂದು ಎದೆ ಹೊಲಿದು ಕಳುಹಿಸಲು ಯಾರ ಕೈ ಬರುತ್ತದೆ? ಈ ರೋಗಿಗಳ ಬಗ್ಗೆ ನಮಗಿರುವ ತಿಳಿವಳಿಕೆ ಬಂದಿರುವುದು ಮುಖ್ಯವಾಗಿ ದಾಖಲೆಗಳಿಂದ, ಅನುಭವದಿಂದ. ಅದು ನಮ್ಮ ಕೊರತೆ, ಒಪ್ಪುತ್ತೇನೆ.

ಆದರೆ ನಿಮ್ಮ ಸಿಟ್ಟಿನಲ್ಲಿ ಒಂದು ಸತ್ಯವಿದೆ, ಅದನ್ನು ಬಿಡುವುದಿಲ್ಲ. ಯಂತ್ರ ನಿರಪಾಯವಲ್ಲ. ಕೆಳಗಿನಿಂದ ನುಗ್ಗಿಬರುವ ರಕ್ತದ ಎದುರು ಸೊರಗಿದ ಎಡ ಹೃತ್ಕುಕ್ಷಿ ತಳ್ಳಬೇಕು. ತಳ್ಳಲಾಗದಿದ್ದರೆ ಮಹಾಪಧಮನಿಯ ಕವಾಟ ತೆರೆಯುವುದೇ ಇಲ್ಲ. ಕೋಣೆ ಊದಿಕೊಳ್ಳುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ನಿಂತ ರಕ್ತ ಒಳಗೇ ಹೆಪ್ಪಾಗುತ್ತದೆ. ಹೊಸದಾಗಿ ಕೂರಿಸಿದ ಮೈಟ್ರಲ್ ಕವಾಟದ ಮೇಲೂ ಹೆಪ್ಪು ಕೂರಬಹುದು. ವಿಶ್ರಾಂತಿ ಎಂದು ಹೇಳಿ ಹೊರೆ ಹೊರಿಸಿದಂತಾಯಿತು! ಅದಕ್ಕಾಗಿಯೇ ಎಡಭಾಗವನ್ನು ಬರಿದು ಮಾಡಲು ಬಲೂನ್ ಪಂಪ್, ಇಂಪೆಲ್ಲಾ ಎಂಬ ಪುಟ್ಟ ಪಂಪ್ ಅಥವಾ ಹೃದಯದೊಳಗೇ ಇಟ್ಟ ಕೊಳವೆಯನ್ನು ಬಳಸುವುದು. ಮುಂಗಾರು ಅವರೇ, "ಮಹಾಪಧಮನಿಯ ಕವಾಟ ತೆರೆಯುತ್ತಿದೆಯೇ?" ಎಂದು ನಾಳೆ ಕೇಳಿ. ಇದು ಕುಟುಂಬದವರು ಕೇಳುವ ಪ್ರಶ್ನೆಯಲ್ಲ ಎಂದು ಅವರು ಹುಬ್ಬೇರಿಸಬಹುದು. ಏರಿಸಲಿ.

ಎರಡನೇ_ಇನಿಂಗ್ಸ್ · ಗುರುವಾರ, ಮಧ್ಯಾಹ್ನ 1:00

ಆ ಹತ್ತಕ್ಕೆ ನಾಲ್ವರಲ್ಲಿ ನಾನೊಬ್ಬ. ಬೈಪಾಸ್ ಆದ ಮೇಲೆ ಆರು ದಿನ ಎಕ್ಮೊ, ಮೂರು ವಾರ ಡಯಾಲಿಸಿಸ್. ಯಂತ್ರದ ಮೇಲಿದ್ದ ದಿನಗಳ ನೆನಪಿಲ್ಲ. ನೆನಪಿರುವುದು ಆಮೇಲಿನದು, ಮತ್ತು ಅದು ಚೆನ್ನಾಗಿರಲಿಲ್ಲ. ಚಾವಣಿಯಿಂದ ಇರುವೆಗಳು ಸಾಲುಗಟ್ಟಿ ಇಳಿಯುತ್ತಿದ್ದವು. ಹೆಂಡತಿಯನ್ನು ನರ್ಸ್ ಎಂದುಕೊಂಡು ಬೈದಿದ್ದೇನಂತೆ. ಅದು ಐಸಿಯುವಿನ ಭ್ರಮೆ, ಹುಚ್ಚಲ್ಲ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಆಕೆ ಅಷ್ಟು ಅಳುತ್ತಿರಲಿಲ್ಲ.

ಕೊಳವೆ ಇದ್ದ ಕಾಲಿನ ಪಾದ ಈಗಲೂ ಸರಿಯಾಗಿ ಮೇಲೇಳುವುದಿಲ್ಲ, ಚಪ್ಪಲಿ ಜಾರುತ್ತದೆ. ಮೆಟ್ಟಿಲು ಹತ್ತಲು ನಾಲ್ಕು ತಿಂಗಳು ಬೇಕಾಯಿತು. ಈಗ ನಾಲ್ಕನೇ ವರ್ಷ. ಮನೆ ತಲುಪಿದವರಲ್ಲಿ ಬಹಳ ಮಂದಿ ವರ್ಷಗಟ್ಟಲೆ ಬದುಕುತ್ತಾರೆ ಎಂದು ನನ್ನ ವೈದ್ಯರು ಹೇಳಿದ್ದರು. ನಾನು ಅದನ್ನು ದಿನವೂ ಪರೀಕ್ಷಿಸುತ್ತಿದ್ದೇನೆ.

ಮುಂಗಾರು ಅವರೇ, ಹೋದಾಗ ಅಮ್ಮನ ಜೊತೆ ಮಾತಾಡಿ. ಕೇಳಿಸುತ್ತದೋ ಇಲ್ಲವೋ ಎಂಬ ಚರ್ಚೆ ಬೇಡ.

ಬೆಳದಿಂಗಳು · ಗುರುವಾರ, ರಾತ್ರಿ 10:35

ಬರೆಯಬಾರದು ಎಂದುಕೊಂಡಿದ್ದೆ. ಮುಂಗಾರು ಅವರೇ, ಇದನ್ನು ಓದುವ ಮನಸ್ಸಿಲ್ಲದಿದ್ದರೆ ಇಲ್ಲಿಗೇ ಬಿಟ್ಟುಬಿಡಿ.

ನನ್ನ ಯಜಮಾನರು ಹನ್ನೆರಡು ದಿನ ಎಕ್ಮೊ ಮೇಲಿದ್ದರು. ಒಂಬತ್ತನೇ ದಿನ ಒಮ್ಮೆ ಯಂತ್ರದಿಂದ ಹೊರಬಂದಿದ್ದರು. ನಾವೆಲ್ಲ ಸಂಭ್ರಮಪಟ್ಟೆವು, ಊರೆಲ್ಲ ಫೋನ್ ಮಾಡಿದೆವು. ಮರುದಿನವೇ ಮತ್ತೆ ಹಾಕಿದರು. ಯಂತ್ರ ಬಿಡುವುದು ಬೇರೆ, ಮನೆಗೆ ಬರುವುದು ಬೇರೆ ಎಂಬುದು ನನಗೆ ಗೊತ್ತಿರಲಿಲ್ಲ. ಯಂತ್ರ ಬಿಟ್ಟವರಲ್ಲೂ ಅನೇಕರು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ ಎಂದು ಆಮೇಲೆ ತಿಳಿಯಿತು.

ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಒಂದೇ ವಿಷಯಕ್ಕೆ. ಹನ್ನೆರಡು ದಿನಗಳಲ್ಲಿ ಒಬ್ಬರೂ ನಮ್ಮನ್ನು ಕೂರಿಸಿ, ಏನನ್ನು ಕಾಯುತ್ತಿದ್ದೇವೆ, ಅದು ಬಾರದಿದ್ದರೆ ಏನು ಮಾಡುತ್ತೇವೆ ಎಂದು ಹೇಳಲಿಲ್ಲ. ದಿನವೂ "ನೋಡೋಣ" ಎಂಬ ಒಂದೇ ಮಾತು. ಕೊನೆಗೆ ಹನ್ನೆರಡನೇ ದಿನ ಮಧ್ಯಾಹ್ನ ಕಾರಿಡಾರಿನಲ್ಲಿ ನಿಲ್ಲಿಸಿ, ಮೆದುಳಿನಲ್ಲಿ ರಕ್ತಸ್ರಾವವಾಗಿದೆ, ನಿಲ್ಲಿಸಲು ಒಪ್ಪಿಗೆ ಬೇಕು ಎಂದರು. ಹತ್ತು ನಿಮಿಷದಲ್ಲಿ ಉತ್ತರ ಹೇಳಬೇಕಿತ್ತು. ಆ ಪ್ರಶ್ನೆ ಎರಡನೇ ದಿನವೇ ಬಂದಿದ್ದರೆ ನಾನು ಹತ್ತು ದಿನ ಅದರ ಜೊತೆ ಬದುಕಿರುತ್ತಿದ್ದೆ. ಆಗಲೂ ಅಳುತ್ತಿದ್ದೆ, ಆದರೆ ಸಿದ್ಧಳಾಗಿರುತ್ತಿದ್ದೆ.

ನೀವು ಕೇಳಿ. ನಾಳೆಯೇ ಕೇಳಿ.

ಎದೆಗೂಡು · ಶುಕ್ರವಾರ, ಬೆಳಿಗ್ಗೆ 6:20

ಬೆಳದಿಂಗಳು ಅವರೇ, ನಿಮ್ಮ ಮಾತನ್ನು ಹೊಸ ಸಹೋದ್ಯೋಗಿಗಳಿಗೆ ಓದಿ ಹೇಳಬೇಕೆನಿಸಿತು. ಯಂತ್ರ ಹಾಕುವ ಗಳಿಗೆಯಲ್ಲೇ ನಾಲ್ಕು ದಾರಿಗಳನ್ನು ಕುಟುಂಬದ ಮುಂದಿಡಬೇಕು. ಹೃದಯ ಚೇತರಿಸಿಕೊಳ್ಳಬಹುದು. ಚೇತರಿಸದಿದ್ದರೆ ದೀರ್ಘಕಾಲದ ಹೃದಯ ಪಂಪ್ ಅಳವಡಿಸಬಹುದು. ಯೋಗ್ಯರಾಗಿದ್ದರೆ ಹೃದಯ ಕಸಿ. ಇವು ಮೂರೂ ಇಲ್ಲದಿದ್ದರೆ ಗೌರವದಿಂದ ನಿಲ್ಲಿಸುವುದು. ನಾಲ್ಕನೆಯದನ್ನು ಹೇಳಲು ನಮ್ಮ ನಾಲಗೆ ಏಳುವುದಿಲ್ಲ, ಅದಕ್ಕೇ "ನೋಡೋಣ" ಎನ್ನುತ್ತೇವೆ. ನಾನೂ ಎಷ್ಟೋ ಸಲ ಅಂದಿದ್ದೇನೆ.

ಪಂಪ್_ಮೇಜು · ಶುಕ್ರವಾರ, ಬೆಳಿಗ್ಗೆ 10:00

ಯಂತ್ರ ಬಿಡಿಸುವ ಪರೀಕ್ಷೆ ಹೇಗಿರುತ್ತದೆ ಎಂದು ಬರೆದಿಡುತ್ತೇನೆ, ನಿಮಗೆ ಶನಿವಾರದ ಹೊತ್ತಿಗೆ ಬೇಕಾಗಬಹುದು. ಔಷಧಗಳು ಕಡಿಮೆ ಪ್ರಮಾಣದಲ್ಲಿದ್ದು, ಅಲೆಯಲ್ಲಿ ಮಿಡಿತ ಕಂಡ ಮೇಲೆ, ಹರಿವನ್ನು ಹಂತಹಂತವಾಗಿ ನಿಮಿಷಕ್ಕೆ 1ರಿಂದ 1.5 ಲೀಟರಿನವರೆಗೆ ಇಳಿಸುತ್ತೇವೆ. ಪ್ರತಿ ಹಂತದಲ್ಲೂ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ಹೃದಯ ಒಂದು ಬಡಿತಕ್ಕೆ ರಕ್ತವನ್ನು ಎಷ್ಟು ದೂರ ಚಿಮ್ಮಿಸುತ್ತದೆ ಎಂಬುದನ್ನು ವಿಟಿಐ ಎಂಬ ಅಳತೆ ಹೇಳುತ್ತದೆ. ಅದು 10 ಸೆಂಟಿಮೀಟರ್ ಮುಟ್ಟಬೇಕು. ಎಡ ಹೃತ್ಕುಕ್ಷಿ ಹೊರತಳ್ಳುವ ಪಾಲು ಕನಿಷ್ಠ ಶೇ 20ರಿಂದ 25. ಬಲಭಾಗ ಊದಿಕೊಳ್ಳಬಾರದು, ಇದನ್ನು ಮರೆಯುವವರು ಹೆಚ್ಚು. ಹರಿವು ಕಡಿಮೆಯಾದಾಗ ಕೊಳವೆಯಲ್ಲಿ ಹೆಪ್ಪುಗಟ್ಟುವ ಭಯವಿರುವುದರಿಂದ ಬಹಳ ಹೊತ್ತು ಹಾಗೆ ಬಿಡುವುದಿಲ್ಲ.

ಮೊದಲ ಸಲವೇ ಪಾಸಾಗದಿದ್ದರೆ ಎದೆಗುಂದಬೇಡಿ.

ಮುಂಗಾರು · ಶನಿವಾರ, ಸಂಜೆ 6:40

ಎರಡು ದಿನ ಬರೆಯಲಾಗಲಿಲ್ಲ. ಗುರುವಾರ ರಾತ್ರಿ ಎದೆಯನ್ನು ಮತ್ತೆ ತೆರೆದು ಹೆಪ್ಪು ತೆಗೆದರು. ರಾತ್ರಿಪಾಳಿ ಅವರು ಮೊದಲೇ ಹೇಳಿದ್ದರಿಂದ ನಾನು ಕುಸಿಯಲಿಲ್ಲ, ಅಣ್ಣ ಕುಸಿದ. ಮೂತ್ರ ನಿಂತಿದೆ, ಡಯಾಲಿಸಿಸ್ ಶುರುವಾಗಿದೆ. ಲ್ಯಾಕ್ಟೇಟ್ ಮೊದಲ ದಿನ 9 ಇದ್ದದ್ದು ಇಂದು 2.1.

ನಿನ್ನೆ ಕೇಳಿಯೇಬಿಟ್ಟೆ. "ಏನನ್ನು ಕಾಯುತ್ತಿದ್ದೇವೆ? ಅದು ಬಾರದಿದ್ದರೆ?" ಹಿರಿಯ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕುರ್ಚಿ ಎಳೆದು ಕುಳಿತರು. ಬುಧವಾರದವರೆಗೆ ಕಾಯುತ್ತೇವೆ, ಅಷ್ಟರಲ್ಲಿ ಹೃದಯ ಏಳದಿದ್ದರೆ ಪಂಪ್ ಅಳವಡಿಸಬಹುದೇ ಎಂದು ನೋಡುತ್ತೇವೆ, ಮೂತ್ರಪಿಂಡ ಮತ್ತು ಮೆದುಳು ಹೇಗಿವೆ ಎಂಬುದರ ಮೇಲೆ ಅದು ನಿಂತಿದೆ, ಅದೂ ಆಗದಿದ್ದರೆ ನಾವೆಲ್ಲ ಒಟ್ಟಿಗೆ ಕುಳಿತು ಮಾತಾಡೋಣ ಎಂದರು. ಕವಾಟ ಪ್ರತಿ ಬಡಿತಕ್ಕೂ ಅಲ್ಲ, ಎರಡು ಬಡಿತಕ್ಕೊಮ್ಮೆ ತೆರೆಯುತ್ತಿದೆಯಂತೆ. ಮಾವನೂ ಅಣ್ಣನೂ ಪಕ್ಕದಲ್ಲೇ ಇದ್ದರು. ಹತ್ತಕ್ಕೆ ನಾಲ್ಕನ್ನೂ ಅಲ್ಲೇ ಹೇಳಿದೆ.

ಇಂದು ಪರೀಕ್ಷೆ ನಡೆಯಿತು. ಹರಿವು 1.5ಕ್ಕೆ ಇಳಿಸಿದಾಗ ವಿಟಿಐ 7. ಮತ್ತೆ 3.5ಕ್ಕೆ ಏರಿಸಿದರು.

ಸಂದೇಹಿ · ಶನಿವಾರ, ರಾತ್ರಿ 8:00

ನಾನು ಬರೆದ ರೀತಿ ಒರಟಾಗಿತ್ತು. ಅಂಕಿಯ ಹಿಂದೆ ಮನೆಯವರು ಓದುತ್ತಿದ್ದಾರೆ ಎಂಬುದನ್ನು ಮರೆತೆ. 2.1 ಒಳ್ಳೆಯ ಸುದ್ದಿ.

ರಾತ್ರಿಪಾಳಿ · ಭಾನುವಾರ, ಬೆಳಗಿನ ಜಾವ 4:15

ಪಾಳಿಯ ನಡುವೆ ಬರೆಯುತ್ತಿದ್ದೇನೆ. ಐದನೇ ದಿನ ಸೋತು ಏಳನೇ ದಿನ ಹೊರಬಂದವರನ್ನು ನೋಡಿದ್ದೇನೆ. ಹೊರಬಾರದವರನ್ನೂ ನೋಡಿದ್ದೇನೆ. ನೀವು ಸ್ವಲ್ಪ ಮಲಗಿ.

ಮುಂಗಾರು · ಮಂಗಳವಾರ, ರಾತ್ರಿ 9:30

ಇಂದು ಮಧ್ಯಾಹ್ನ ವಿಟಿಐ 11. ಸಂಜೆ ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದೊಯ್ದು ಕೊಳವೆಗಳನ್ನು ತೆಗೆದು ನಾಳ ಹೊಲಿದರು. ವೆಂಟಿಲೇಟರ್ ಇದೆ, ಡಯಾಲಿಸಿಸ್ ಇದೆ, ಬಲಪಾದ ಅಲುಗುತ್ತಿಲ್ಲ. ಬೆಳದಿಂಗಳು ಅವರೇ, ಯಾರಿಗೂ ಫೋನ್ ಮಾಡಿಲ್ಲ.

ಒಳಗೆ ಫೋಟೊ ತೆಗೆಯುವಂತಿಲ್ಲ. ಮಾನಿಟರ್‌ನಲ್ಲಿ ಓಡುತ್ತಿದ್ದ ಅಲೆಯನ್ನು ಔಷಧದ ಚೀಟಿಯ ಹಿಂದೆ ಗೀಚಿಕೊಂಡು ಬಂದು ಅಣ್ಣನಿಗೆ ತೋರಿಸಿದೆ. "ಇದೇನು, ಬೆಟ್ಟಗುಡ್ಡ?" ಎಂದು ಕೇಳಿದ.